ಗಾಳಿತಗಡಿನ ಮೇಸ್ತ್ರಿ

ಮೇಸ್ತ್ರಿಯವರ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಆ ಬೋಳು ತುದಿಯನ್ನು ತಗಡಿನ ಮೇಲೆ ಎಳೆದು, ಕಣ್ಣಿಗೆ ಕಾಣದ ತಗ್ಗನ್ನೂ ಪತ್ತೆ ಮಾಡುತ್ತಿದ್ದರು. ಲಾರಿ ಬಾಡಿ ಕಟ್ಟುವ ಅವರ ಶೆಡ್ಡು ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿತ್ತು. ನಾನು ಎಂಜಿನಿಯರಿಂಗ್ ಮುಗಿಸಿ, ಲಾರಿಗಳ ಡೀಸೆಲ್ ಉಳಿಸುವ ವಿನ್ಯಾಸ ಮಾಡುವ ಸಣ್ಣ ಕಂಪನಿಗೆ ಸೇರಿದ್ದೆ.

ಕ್ಯಾಬಿನ್ನಿನ ನೆತ್ತಿಯ ಮೇಲೆ ಇಳಿಜಾರಾಗಿ ತಗಡು ಕೂರಿಸಿದರೆ ಎದುರುಗಾಳಿ ಲೋಡಿಗೆ ಗುದ್ದದೆ ಮೇಲೆ ಜಾರಿಹೋಗುತ್ತದೆ, ಎಂಜಿನ್ನಿಗೆ ಭಾರ ಕಡಿಮೆ. ಅದು ನನ್ನ ಮೊದಲ ಸ್ವತಂತ್ರ ಕೆಲಸ. ಲಾರಿ ಮಾಲೀಕರೊಬ್ಬರು ಒಂದು ಲಾರಿಗೆ, ಒಂದು ಓಟಕ್ಕೆ ಮಾತ್ರ ಒಪ್ಪಿದ್ದರು. ಕೈಕೊಟ್ಟರೆ ತಗಡೂ ಇಳಿಯುತ್ತಿತ್ತು, ನಾನೂ.

ನನ್ನ ನಕ್ಷೆಯನ್ನು ಮೇಸ್ತ್ರಿ ನಾಲ್ಕಾಗಿ ಮಡಚಿ ಜೇಬಿನಲ್ಲಿಟ್ಟುಕೊಂಡಿದ್ದರು. ತೆಗೆದಾಗಲೆಲ್ಲ ಅದೇ ಪ್ರಶ್ನೆ: "ಇದು ಖಾಲಿ ಗಾಡಿಗೋ ಲೋಡ್ ಗಾಡಿಗೋ, ಮೇಡಮ್?"

"ನಕ್ಷೇಲಿರೋ ಹಾಗೆ ಮಾಡಿ ಸಾಕು," ಎಂದಿದ್ದೆ.

ಓಟದ ದಿನ ಬೆಳಿಗ್ಗೆ ಲಾರಿಗೆ ಮಂಡಕ್ಕಿ ಮೂಟೆ ತುಂಬಿತ್ತು. ಹಗುರವಾದ ಸರಕಲ್ಲವೇ, ತಗಡಿಗಿಂತ ಎಷ್ಟೋ ಎತ್ತರಕ್ಕೆ ಪೇರಿಸಿ, ಟಾರ್ಪಾಲು ಹೊದಿಸಿ, ಹಗ್ಗ ಬಿಗಿದಿದ್ದರು. ನಾನು ಅಳತೆ ತೆಗೆದದ್ದು ಖಾಲಿ ಲಾರಿಯದು. ಮೇಸ್ತ್ರಿ ಲೋಡನ್ನು ನೋಡಿದರು, ನನ್ನನ್ನು ನೋಡಿದರು. ಮಾಲೀಕರು ಗಡಿಯಾರ ನೋಡುತ್ತಿದ್ದರು. ಇವತ್ತು ಬೇಡವೆಂದರೆ ಇನ್ನೊಂದು ಓಟ ಸಿಗುತ್ತಿರಲಿಲ್ಲ. ಮೇಸ್ತ್ರಿಯೊಡನೆ ಕ್ಯಾಬಿನ್ ಹತ್ತಿದೆ.

ತುಮಕೂರು ರಸ್ತೆಯಲ್ಲಿ ವೇಗ ಏರುತ್ತಿದ್ದಂತೆ ಟಾರ್ಪಾಲು ಪಟಪಟ ಹೊಡೆದುಕೊಳ್ಳತೊಡಗಿತು. ತಗಡು ಮೇಲಕ್ಕೆ ತಳ್ಳಿದ ಗಾಳಿ ನೇರ ಅದರ ಅಂಚಿನಡಿಗೆ ನುಗ್ಗುತ್ತಿತ್ತು.

"ಯಾರ್ರೀ ಈ ಕಿರೀಟ ಇಟ್ಟೋರು?" ಡ್ರೈವರ್ ಕೂಗಿದ. "ಹಗ್ಗ ಕಿತ್ಕೊಂಡ್ ಬರ್ತಿದೆ!"

ಹಿಂದೆಯೇ ಒಂದು ಬೈಕು, ಅದರ ಮೇಲೆ ಗಂಡ ಹೆಂಡತಿ. ಮೇಸ್ತ್ರಿ ಅರ್ಧ ಮೈ ಕಿಟಕಿಯಾಚೆ ಚಾಚಿ, "ದೂರ ಹೋಗಪ್ಪಾ, ದೂರ!" ಎಂದು ಅರಚಿದರು. ಹಗ್ಗ ಕಿತ್ತುಹೋಯಿತು. ಉರುಳಿದ ಮೂಟೆಯನ್ನು ಬೈಕು ಗೇಣಳತೆಯಲ್ಲಿ ತಪ್ಪಿಸಿಕೊಂಡಿತು. ಲಾರಿ ನಿಲ್ಲಿಸಿ, ಬಿದ್ದ ಮೂಟೆ ಎತ್ತಿಕೊಂಡು ವಾಪಸಾದೆವು.

ಶೆಡ್ಡಿನಲ್ಲಿ ಮಾಲೀಕರು ಕೇಳಿದ್ದು ಒಂದೇ. "ಯಾರ ಅಳತೆ ಇದು?"

ನಾನು ಬಾಯಿ ತೆರೆಯುವುದರೊಳಗೆ ಮೇಸ್ತ್ರಿ ಹೇಳಿದರು: "ನಂದೇ ಸಾರ್. ಮೇಡಮ್ ಸರಿಯಾಗೇ ಕೊಟ್ಟಿದ್ರು, ನಾನೇ ಗಿಡ್ಡ ಮಾಡ್ಬಿಟ್ಟೆ."

"ಕಣ್ಣು ಮಂಜಾಯ್ತೇನಯ್ಯಾ?"

"ಆಗಿರ್ಬೇಕು ಸಾರ್. ಇನ್ನೊಂದು ಓಟ ಕೊಡಿ, ಸರಿ ಮಾಡ್ಕೊಡ್ತೀನಿ."

ಮಾಲೀಕರು ಗೊಣಗುತ್ತ ಒಪ್ಪಿ ಹೋದ ಮೇಲೆ, ಯಾಕೆ ಹಾಗೆ ಹೇಳಿದಿರಿ ಎಂದೆ.

"ನಂಗೆ ಬೈದ್ರೆ ಟೀ ಕುಡಿಯೋಷ್ಟ್ರಲ್ಲಿ ಮರೀತಾರೆ. ನಿಮ್ಗೆ ಬೈದ್ರೆ ಇನ್ನೊಂದು ಹೆಣ್ಮಗೂನ ಲಾರಿ ಹತ್ರ ಬಿಡಲ್ಲ. ಟೇಪ್ ಹಿಡೀರಿ, ಲೋಡ್ ಅಳೆಯೋಣ."

ಲೋಡಿಗೆ ತಕ್ಕಂತೆ ಏರಿಸಿ ಇಳಿಸಲು ಬರುವ ಹಾಗೆ, ಕೀಲು ಹಾಕಿ ಹೊಸ ತಗಡು ಕೂರಿಸಿದರು. ಡೀಸೆಲ್ ಉಳಿಯಿತು. ನನ್ನ ಕೆಲಸವೂ ಉಳಿಯಿತು. ಮಾಲೀಕರು ಮಿಕ್ಕ ಲಾರಿಗಳಿಗೂ ಹಾಕಿಸಿದರು, ಆದರೆ ಬೇರೆ ಶೆಡ್ಡಿನಲ್ಲಿ. ಮೇಸ್ತ್ರಿಯ ಅಳತೆಯನ್ನು ನಂಬಲಾಗದು ಎಂಬ ಮಾತು ಹಬ್ಬಿತ್ತು. ಮುಂದಿನ ವಾರ ನಿಜ ಹೇಳೋಣ ಎಂದುಕೊಂಡೆ. ಅಂಥ ವಾರಗಳು ಎಷ್ಟೋ ಕಳೆದವು.

ಈ ವರ್ಷ ಅವರು ತೀರಿಕೊಂಡರು. ಗವಿಪುರದ ಅವರ ಮನೆಗೆ ಮಾಲೀಕರೂ ಬಂದಿದ್ದರು. "ಒಳ್ಳೇ ಕೆಲಸಗಾರ. ಕಡೇಗಾಲಕ್ಕೆ ಅಳತೆ ತಪ್ತು, ಪಾಪ," ಎಂದರು. ಮೇಸ್ತ್ರಿಯ ಹೆಂಡತಿ ತಲೆ ತಗ್ಗಿಸಿದರು.

"ಆ ಅಳತೆ ನನ್ನದು, ಸರ್," ಎಂದೆ. ಎಲ್ಲರಿಗೂ ಕೇಳುವಂತೆ ಇನ್ನೊಮ್ಮೆ ಹೇಳಿದೆ.

ಅವರ ಹೆಂಡತಿ ನನ್ನನ್ನೇ ನೋಡಿದರು. "ಇದನ್ನ ಅವ್ರು ಇದ್ದಾಗ ಹೇಳ್ಬೇಕಿತ್ತು ಕಣಮ್ಮ."