ನೇರಳೆ ಹುಳುವಿನ ನಡಿಗೆ

ಎಡ ಅಂಗೈಗೆ ಅಡ್ಡಲಾಗಿ ಹೊಲಿಗೆಯ ಗುರುತು, ಕಂಡೊಡನೆ ಗೋಡೆಗಂಟಿ ನಿಲ್ಲುವ ವಿದ್ಯಾರ್ಥಿಗಳು. ಇಷ್ಟು ನೋಡಿ ನಾಗಶ್ರೀ ಕುಸ್ತಿ ಕಲಿಸುವವಳೆಂದು ಈ ಲೇಖಕ ಬಹಳ ಕಾಲ ನಂಬಿದ್ದ. ಅವಳು ಮಳವಳ್ಳಿಯ ಕಾಲೇಜೊಂದರಲ್ಲಿ ಕಲಿಸುತ್ತಿದ್ದುದು ಪ್ರಾಣಿಶಾಸ್ತ್ರ. ಹೊಲಿಗೆ ಬಿದ್ದದ್ದು ಒಂದು ಹುಳುವಿನ ದೆಸೆಯಿಂದ.

ಆ ಮಳೆಗಾಲ ಅವಳ ಊರಾದ ಹೊಳಲಿನಲ್ಲಿ ಬಸವನಹುಳುಗಳ ಮೇಲೆ ಯುದ್ಧ ನಡೆದಿತ್ತು. ಹಿಪ್ಪುನೇರಳೆ ತೋಟಕ್ಕೆ ಮುತ್ತಿದವನ್ನು ಜನ ತುಳಿದರು, ಜಜ್ಜಿದರು, ಉಪ್ಪೆರಚಿ ನೊರೆಯುಕ್ಕಿಸಿ ಕೊಂದರು. ಈ ಯುದ್ಧದ ಸೇನಾಪತಿಯೆಂದರೆ ನಾಗಶ್ರೀಯ ಪಕ್ಕದ ಮನೆಯ ಜವರಯ್ಯ, ಪಂಚಾಯ್ತಿಯ ಮಾಜಿ ಅಧ್ಯಕ್ಷ. ‘ಮಾಜಿ’ ಎಂಬುದನ್ನು ಊರೆಲ್ಲ ಒಪ್ಪಿತ್ತು, ಅವನೊಬ್ಬನನ್ನು ಬಿಟ್ಟು.

ಆಗಲೇ ನಾಗಶ್ರೀ ಕಾರವಾರದಿಂದ ಒಂದು ಕಡಲ ಹುಳು ತಂದಿದ್ದಳು. ಬಸವನಹುಳುವಿನ ನೆಂಟನೇ, ಆದರೆ ಚಿಪ್ಪಿಲ್ಲ. ನೇರಳೆ ಮೈ, ಹಳದಿ ಅಂಚು, ಕಿತ್ತಳೆ ಕೊಂಬು. ಇದೇ ಬಣ್ಣದವು ಎರಡು ಜಾತಿ. ಒಂದು ಮೈಯಂಚನ್ನು ಎತ್ತಿ ಇಳಿಸುತ್ತ ನಡೆಯುತ್ತದೆ, ಇನ್ನೊಂದು ಸುಮ್ಮನೆ ಜಾರುತ್ತದೆ. ಪ್ರಯಾಣದ ಸುಸ್ತಿಗೆ ಅದು ಮುದುಡಿ ಕೂತಿತ್ತು. ನಡೆಯದೆ ಸತ್ತರೆ ಯಾವುದೆಂದು ತಿಳಿಯುವುದೇ ಇಲ್ಲ. ಜಗಲಿಯಲ್ಲಿ ಗಾಜಿನ ತಟ್ಟೆಯ ಕಡಲನೀರಿಗೆ ಮೂಗು ತಾಗುವಷ್ಟು ಬಾಗಿ ಅವಳು ಕಾಯುತ್ತಿದ್ದಳು.

ತೋಟದಿಂದ ಜವರಯ್ಯ ಬಂದ; ಒಂದು ಕೈಲಿ ಮಚ್ಚು, ಇನ್ನೊಂದರಲ್ಲಿ ಉಪ್ಪು.

“ಮನೆಯೊಳಕ್ಕೂ ಬಂದ್ಬುಡ್ತಾ ಬಡ್ಡೆತ್ತದು? ಸರ್ಕೊಳವ್ವ.”

ಹಿಡಿ ಉಪ್ಪು ತಟ್ಟೆಗೆ ಬಿತ್ತು.

“ಅದು ಉಪ್ನೀರಲ್ಲೇ ಉಟ್ಟಿರೋದು ಕಣಣ್ಣ.”

ಹುಳು ನೊರೆ ಕಾರಲಿಲ್ಲ. ಉಪ್ಪು ಬಿದ್ದ ಕಡೆ ಬಿಟ್ಟು ಇನ್ನೊಂದು ಕಡೆಗೆ ಮೈಬಿಚ್ಚಿ ಹೊರಟಿತು. ಕೆಸರುಗದ್ದೆಗೆ ಇಳಿದವಳು ನೆರಿಗೆ ಎತ್ತಿಕೊಂಡ ಹಾಗೆ ಹಳದಿ ಅಂಚು ಎದ್ದಿತು, ಇಳಿಯಿತು, ಮತ್ತೆ ಎದ್ದಿತು. ಅಂಚೆತ್ತಿ ನಡೆಯುವ ಜಾತಿಯೇ ಎಂದು ನಾಗಶ್ರೀಗೆ ಗೊತ್ತಾಯಿತು.

“ನನ್ ಉಪ್ಗೇ ಬಗ್ಗಲ್ವಾ” ಎಂದು ಜವರಯ್ಯ ಮಚ್ಚು ಬೀಸಿದ. ಚುನಾವಣೆ ಸೋತ ಸಿಟ್ಟೆಲ್ಲ ಆ ಏಟಿನಲ್ಲಿತ್ತು. ಅವಳು ಕೈ ಅಡ್ಡ ಕೊಟ್ಟಳು. ಅಂಗೈ ಸೀಳಿತು, ತಟ್ಟೆ ಚೂರಾಯಿತು, ಹುಳು ಎರಡಾಯಿತು. ಸುರಿಯುವ ರಕ್ತವನ್ನು ನೋಡದೆ ಅವಳು ಹಿತ್ತಾಳೆ ಚೆಂಬೆತ್ತಿ ಅವನ ಮೂಗಿಗೆ ಬಾರಿಸಿದಳು. ಮೂಳೆ ಮುರಿದ ಸದ್ದು ಬೀದಿಗೆ ಕೇಳಿತು. ಬಿದ್ದವನ ಎದೆಯ ಮೇಲೆ ಮಂಡಿಯೂರಿ ಮತ್ತೆ ಬಾರಿಸುತ್ತಿದ್ದಾಗ ಜನ ಬಂದು ಬಿಡಿಸಿದರು.

ಮಂಡ್ಯದ ಆಸ್ಪತ್ರೆಯಲ್ಲಿ ಇಬ್ಬರಿಗೂ ಒಂದೇ ಬೆಂಚು. ಅವಳು ಬಲಗೈಯಿಂದ ಫೋನಿನಲ್ಲಿ ಹುಳುವಿನ ಹೆಸರು ಬರೆಯುತ್ತಿದ್ದಳು. ಮೂಗಿಗೆ ಹತ್ತಿ ತುರುಕಿಸಿಕೊಂಡಿದ್ದ ಜವರಯ್ಯ ಇಣುಕಿದ.

“ಅಲ್ಲ ಕಣವ್ವ, ಓದ್ದೋರು ಉಳಕ್ಕೆ ದೊಡ್ಡೋರ ಎಸ್ರು ಇಕ್ತಾರಂತಲ್ಲ. ಇದ್ಕೆ ನನ್ನೆಸ್ರು ಇಕ್ಕಕಾಯ್ತದಾ?”

“ಅದ್ಕೆ ಆಗ್ಲೇ ಎಸ್ರೈತೆ. ಬೇಕಾದ್ರೆ ಅದ್ರೆಸ್ರ ನಿಂಗಿಕ್ತೀನಿ.”