ಲೆಕ್ಕಕ್ಕೆ ಬಾರದ ಒಂದೂವರೆ ಎಕರೆ

ಜೈನರಾದ ಪಾರಿಸ ಅವರು ನೀರು ಸೋಸದೆ ಕುಡಿದವರಲ್ಲ, ಹೊತ್ತು ಮುಳುಗಿದ ಮೇಲೆ ಉಂಡವರಲ್ಲ. ಹಾರೂಗೇರಿ ಹತ್ತಿರ ಆರು ಎಕರೆ ಕಬ್ಬು ಇದ್ದರೂ ಅವರ ಓಡಾಟವೆಲ್ಲ ಸೈಕಲ್ಲಿನ ಮೇಲೆಯೇ.

ಸೊಸೆ ಸ್ನೇಹಲ ಹೈಸ್ಕೂಲ್ ಶಿಕ್ಷಕಿ. ಒಬ್ಬ ಮನುಷ್ಯನ ಊಟ, ಬಟ್ಟೆ, ಓಡಾಟಕ್ಕೆ ಬೇಕಾದದ್ದನ್ನು ಕೊಡಲು, ಅವನು ಬಿಟ್ಟ ಹೊಗೆಯನ್ನು ಹೀರಲು ಎಷ್ಟು ಭೂಮಿ ಬೇಕು ಎಂಬ ಪಾಠ ಮಾಡಬೇಕಿತ್ತು. ಮೊದಲು ಮನೆಯವರ ಲೆಕ್ಕವನ್ನೇ ಹಾಕೋಣವೆಂದು ಒಂದು ಭಾನುವಾರ ಮೊಬೈಲ್ ಹಿಡಿದು ಕೂತಳು.

"ಭೂಮಿ ಎಲ್ಲಾರಿಗೂ ಸಮ ಹಂಚಿದ್ರ ಒಬ್ಬೊಬ್ರಿಗೆ ಮೂರೂ ಮುಕ್ಕಾಲ ಎಕರೆ ಬರತೈತ್ರಿ, ಮಾಮಾ. ನನಗ ಐದ ಬೇಕಂತ. ನಿಮಗ ಎರಡ ಎಕರೆನೂ ಬ್ಯಾಡ!"

ಹೆಂಡತಿ ಲಕ್ಷ್ಮಿಬಾಯಿ ಹಿಗ್ಗಿದರು. ಪಾರಿಸ ಅವರು ನಗಲಿಲ್ಲ.

"ಇದರಾಗ ನಮ್ಮ ಕಬ್ಬ ಎಲ್ಲಿ ಬಂತ?"

"ಅದು ಸಕ್ರಿ ತಿನ್ನೋರ ಲೆಕ್ಕಕ್ಕ ಹೋಗತೈತ್ರಿ."

"ನಾ ಕಬ್ಬಿಗೆ ಹಾಸಿದ ನೀರ?"

"ನೀರಿನ ಲೆಕ್ಕ ಬ್ಯಾರೆ ಐತ್ರಿ."

"ಹಂಗಾರ ಸತ್ತೆಪ್ಪನ ಹೊಲಾ ಯಾರ ಲೆಕ್ಕಕ್ಕ?"

ಸ್ನೇಹಲ ಮೊಬೈಲ್ ಕೆಳಗಿಟ್ಟಳು.

ಸತ್ತೆಪ್ಪನ ಒಂದೂವರೆ ಎಕರೆ ಇವರ ಹೊಲದ ಕೆಳಗೇ ಇತ್ತು. ಇಪ್ಪತ್ತು ವರ್ಷ ಇವರು ಹೊಳೆಯಿಂದ ಪೈಪ್ ಎಳೆದು, ಸಾಲು ತುಂಬಿ ನಿಲ್ಲುವವರೆಗೆ ನೀರು ಬಿಟ್ಟರು. ಅದು ಬಸಿದು ಬಸಿದು ಕೆಳಗಿನ ಮಣ್ಣಿನಲ್ಲಿ ಬಿಳಿ ಉಪ್ಪು ಎದ್ದಿತು. ಕೊನೆಕೊನೆಗೆ ಅಲ್ಲಿ ಗೋವಿನಜೋಳ ಮೊಳೆಯಲೇ ಇಲ್ಲ. ಎರಡು ಹೊಲಗಳ ನಡುವೆ ಒಂದು ಬಸಿಗಾಲುವೆ ತೋಡೋಣವೆಂದು ಸತ್ತೆಪ್ಪ ಎರಡು ಸಲ ಬಂದು ಕೇಳಿದ್ದ. ಎರಡು ಸಾಲು ಕಬ್ಬು ಹೋಗುತ್ತದೆಂದು ಪಾರಿಸ ಅವರು ಒಪ್ಪಿರಲಿಲ್ಲ. ಈಗ ಅವನು ಹಾರೂಗೇರಿಯ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ.

ಮರುದಿನ ಬೆಳಿಗ್ಗೆ, ಅವನು ಬಸ್ಸಿಗೆ ಹೊರಡುವ ಮುಂಚೆ, ಪಾರಿಸ ಅವರು ಅವನ ಮನೆಗೆ ಹೋದರು. ಕೂರಲಿಲ್ಲ.

"ನಿನ್ನ ಹೊಲಾ ಕೆಡಿಸಿದಾಂವ ನಾನ, ಸತ್ತೆಪ್ಪಾ."

ಸತ್ತೆಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. "ನನಗ ಗೊತ್ತೈತ್ರಿ ಅಣ್ಣಾ. ನಿಮಗ ಗೊತ್ತಿಲ್ಲ ಅನಕೊಂಡಿದ್ನಿ."

"ಗೊತ್ತಿತ್ತು," ಎಂದರು ಪಾರಿಸ. ಆ ಮಾತು ಹೇಳುವುದೇ ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು.

ಆ ವರ್ಷ ಕಬ್ಬು ಕಡಿದ ಮೇಲೆ ಎರಡಲ್ಲ, ನಾಲ್ಕು ಸಾಲು ಬಿಟ್ಟು ತಮ್ಮ ಹೊಲದಲ್ಲೇ ಕಾಲುವೆ ತೋಡಿಸಿದರು. ಹನಿ ನೀರಾವರಿ ಹಾಕಿಸಿದರು. ಎರಡು ಮಳೆಗಾಲ ಉಪ್ಪು ತೊಳೆದು ಹೋದ ಮೇಲೆ ಸತ್ತೆಪ್ಪನ ಹೊಲದ ಮೇಲ್ಭಾಗದಲ್ಲಿ ಗೋವಿನಜೋಳ ಮೊಳೆಯಿತು. ಕೆಳಗಿನ ಅರ್ಧ ಇನ್ನೂ ಬೆಳ್ಳಗೇ ಇದೆ. ಶಾಲೆಗೆ ಬಂದು ಮಕ್ಕಳಿಗೆ ಈ ಹೊಲದ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಸ್ನೇಹಲ ಕರೆದಾಗ ಅವರು ಹೋಗಲಿಲ್ಲ.

"ನಾ ಬರೂದಿಲ್ಲವ್ವಾ. ಸತ್ತೆಪ್ಪನ್ನ ಕರಿ," ಎಂದರು.