ಅಂಚಿನ ಅಕ್ಷರ ಓದುವ ಲತಾ

ಬೆಳಗಿನ ಆರು ಗಂಟೆ. ಅತ್ತಿಗುಪ್ಪೆಯ ಮೂರನೇ ಮಹಡಿಯ ಪುಟ್ಟ ಬಾಲ್ಕನಿಯಲ್ಲಿ ಲತಾ ಪ್ಲಾಸ್ಟಿಕ್ ಕುರ್ಚಿಯನ್ನು ಪೂರ್ವದ ಕಡೆ ತಿರುಗಿಸಿಕೊಂಡು ಕೂತಿದ್ದಾರೆ. ತೊಡೆಯ ಮೇಲೊಂದು ದಿಂಬು, ದಿಂಬಿನ ಮೇಲೆ ರಟ್ಟು ಕಿತ್ತುಹೋದ ಉದ್ದನೆಯ ರಿಜಿಸ್ಟರು, ಬಲಗೈಯಲ್ಲಿ ಭೂತಗನ್ನಡಿ. ಮೆಟ್ರೊ ಕಂಬಗಳ ಆಚೆಯಿಂದ ಬಿಸಿಲು ಬರಲು ಇನ್ನೂ ಸ್ವಲ್ಪ ಹೊತ್ತಿದೆ. ಅವರು ಕಾಯುತ್ತಾರೆ.

"ಟ್ಯೂಬ್‌ಲೈಟಲ್ಲಿ ಈ ಶಾಯಿ ಕಾಣಲ್ಲ ಸಾರ್. ನೀಲಿ ಹೋಗಿ ಬೂದಿ ಥರ ಆಗಿದೆ. ಎಳೆ ಬಿಸಿಲು ಓರೆಯಾಗಿ ಬಿದ್ರೆ ಪೆನ್ನು ಒತ್ತಿರೋ ಗುರುತು ಸಿಗತ್ತೆ. ಒಂದೂವರೆ ಗಂಟೆ ಅಷ್ಟೇ. ಬಿಸಿಲು ಮೇಲಕ್ಕೆ ಹೋಯ್ತೋ, ಮತ್ತೆ ಖಾಲಿ ಪೇಪರ್ರು."

ಬಿಸಿಲು ಬರುತ್ತದೆ. ಅವರ ಬೆರಳು ಸಾಲಿನ ಮೇಲೆ ನಿಧಾನವಾಗಿ ಸರಿಯುತ್ತದೆ. "ಮೊಲ ನಂಬರ್ ಹದಿನೇಳು. ಕೆಂಪು ಎರಡು, ಊತ ಒಂದು," ಎಂದು ತಮಗೆ ತಾವೇ ಗಟ್ಟಿಯಾಗಿ ಹೇಳಿಕೊಂಡು ಪಕ್ಕದ ಸ್ಟೂಲಿನ ಮೇಲಿರುವ ಲ್ಯಾಪ್‌ಟಾಪಿನಲ್ಲಿ ಅಂಕಿ ಒತ್ತುತ್ತಾರೆ. ಮತ್ತೆ ಅದೇ ಸಾಲು ಓದುತ್ತಾರೆ. ಮೂರನೆಯ ಸಲ ಓದಿದ ಮೇಲಷ್ಟೇ ಮುಂದಿನ ಸಾಲು.

ನಾವು ಬಳಸುವ ಸೋಪು, ಶಾಂಪೂ, ಪಾತ್ರೆ ತೊಳೆಯುವ ದ್ರವಗಳಲ್ಲಿರುವ ರಾಸಾಯನಿಕ ಚರ್ಮಕ್ಕೆ ತೊಂದರೆ ಮಾಡುತ್ತದೆಯೇ ಎಂದು ತಿಳಿಯಲು ಹಿಂದೆ ಇದ್ದದ್ದು ಒಂದೇ ದಾರಿ. ಮೊಲದ ಬೆನ್ನಿನ ಕೂದಲು ಬೋಳಿಸಿ ಅದರ ಮೇಲೆ ಹಚ್ಚಿ ನೋಡುವುದು. ಈಗ ಆ ಪ್ರಶ್ನೆಯನ್ನು ಕಂಪ್ಯೂಟರಿಗೆ ಕೇಳುವ ಕಾಲ ಬಂದಿದೆ. ಹೊಸ ರಾಸಾಯನಿಕದ ರಚನೆಯನ್ನು ಕೊಟ್ಟರೆ, ಅದನ್ನು ಹೋಲುವ ಹಳೆಯವು ಚರ್ಮಕ್ಕೆ ಏನು ಮಾಡಿದ್ದವು ಎಂದು ನೋಡಿ, ಇದು ಏನು ಮಾಡೀತು ಎಂದು ಯಂತ್ರ ಅಂದಾಜು ಹೇಳುತ್ತದೆ. ಆದರೆ ಹಳೆಯವು ಏನು ಮಾಡಿದ್ದವು ಎಂಬುದು ಯಂತ್ರಕ್ಕೆ ತಾನಾಗಿ ಗೊತ್ತಿರುವುದಿಲ್ಲ. ಅದೆಲ್ಲ ಮುಚ್ಚಿಹೋದ ಪರೀಕ್ಷಾಲಯಗಳ ಗೆದ್ದಲು ಹತ್ತಿದ ರಿಜಿಸ್ಟರುಗಳಲ್ಲಿದೆ. ರಾಜಾಜಿನಗರದ ಒಂದು ಸಣ್ಣ ಕಂಪನಿ ಅಂಥ ಇನ್ನೂರ ಹನ್ನೆರಡು ರಿಜಿಸ್ಟರುಗಳನ್ನು ಕೊಂಡು ತಂದಿದೆ. ಅವುಗಳನ್ನು ಓದುವವರು ಒಬ್ಬರೇ. ಐವತ್ಮೂರು ವರ್ಷದ ಲತಾ.

ಅವರು ಮಲ್ಲತ್ತಹಳ್ಳಿಯ ಮುನಿವೆಂಕಟಪ್ಪನವರ ಮಗಳು. ಕೆರೆಯ ಕೆಳಗೆ ರಾಗಿ ಬೆಳೆಯುತ್ತಿದ್ದ ಮನೆತನ. ಹೊಲ ಸೈಟುಗಳಾದವು, ತಮ್ಮ ಮಹದೇವ್ ಕಟ್ಟಡ ಸಾಮಗ್ರಿಯ ಅಂಗಡಿ ಇಟ್ಟರು. ಲತಾ ವಿಜಯನಗರದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿ, ಮನೆತನದ ಮೊದಲ ಪದವೀಧರೆಯಾಗಿ, ೧೯೯೬ರಲ್ಲಿ ನಾಯಂಡಹಳ್ಳಿ ದಾಟಿದ ಮೇಲಿದ್ದ ಖಾಸಗಿ ಪರೀಕ್ಷಾಲಯವೊಂದರಲ್ಲಿ ಕೆಲಸಕ್ಕೆ ಸೇರಿದರು. ಹದಿನೇಳು ವರ್ಷ ಅವರು ಮಾಡಿದ್ದು ಒಂದೇ ಕೆಲಸ. ಹಿಂದಿನ ದಿನ ಮೊಲದ ಬೆನ್ನು ಬೋಳಿಸುವುದು, ಮರುದಿನ ರಾಸಾಯನಿಕ ಹಚ್ಚಿ ಪಟ್ಟಿ ಕಟ್ಟುವುದು, ನಾಲ್ಕು ಗಂಟೆ ಬಿಟ್ಟು ಬಿಚ್ಚುವುದು, ಮೂರು ದಿನ ಆ ಚರ್ಮವನ್ನು ನೋಡಿ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡುವುದು.

"ಮನೇಲಿ ಲ್ಯಾಬಲ್ಲಿ ಕೆಲಸ ಅಂತಷ್ಟೇ ಹೇಳಿದ್ದೆ. ಯಾರೋ ಬಂದು ನಿಜ ಹೇಳಿಬಿಟ್ರು. ಅವತ್ತಿಂದ ನೆಂಟರ ಬಾಯಲ್ಲಿ ನಾನು 'ಮೊಲದ ಲತಾ' ಆಗೋದೆ. ನೋಡೋಕೆ ಬಂದ ಗಂಡುಗಳೂ ಅದನ್ನ ಕೇಳಿ ವಾಪಸ್ ಹೋದ್ರು. ಅಮ್ಮ ಬೋರಮ್ಮ ಮಾತ್ರ, 'ಅದಕ್ಕೆ ನೀರಾದ್ರೂ ಇಡ್ತೀಯೇನೇ?' ಅಂತ ಕೇಳೋರು. ಇಡ್ತೀನಮ್ಮಾ ಅಂತಿದ್ದೆ."

ಮದುವೆಯಾಗಲಿಲ್ಲ. ಅಮ್ಮ ತೀರಿಕೊಂಡ ಮೇಲೆ ಅತ್ತಿಗುಪ್ಪೆಯ ಈ ಬಾಡಿಗೆ ಮನೆಗೆ ಬಂದರು. ಎಷ್ಟು ಮೊಲಗಳ ಮೇಲೆ ಹಚ್ಚಿರಬಹುದು ಎಂದು ಕೇಳಿದರೆ ಯೋಚಿಸುವುದೇ ಇಲ್ಲ. "ನಾಲ್ಕು ಸಾವಿರದ ನೂರಾ ಎಂಟು. ನಾನು ಲೆಕ್ಕ ಇಟ್ಟಿರಲಿಲ್ಲ ಸಾರ್. ರಿಜಿಸ್ಟರ್ ಇಟ್ಟಿತ್ತು. ನಮ್ಮ ಲ್ಯಾಬಿಂದೂ ಈ ರಾಶೀಲೇ ಬಂತು, ಎಣಿಸಿದೆ."

೨೦೧೩ರಲ್ಲಿ ಆ ಪರೀಕ್ಷಾಲಯದ ಪ್ರಾಣಿಮನೆ ಮುಚ್ಚಿತು. ಮರುವರ್ಷ ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದಕ್ಕೇ ದೇಶದಲ್ಲಿ ನಿಷೇಧ ಬಂತು. ಲತಾ ಐದು ವರ್ಷ ಬಸವೇಶ್ವರನಗರದ ಶಾಲೆಯೊಂದರ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆದು ಜೋಡಿಸಿದರು. ೨೦೧೮ರಲ್ಲಿ ರಾಜಾಜಿನಗರದ ಕಂಪನಿಯವರು ಹಳೆಯ ರಿಜಿಸ್ಟರು ಓದಬಲ್ಲವರನ್ನು ಹುಡುಕಿಕೊಂಡು ಬಂದರು.

ಅಂದಿನಿಂದ ದಿನಕ್ಕೆ ನಲವತ್ತು ಸಾಲು. ಒಂದೊಂದು ಸಾಲೂ ಒಂದೊಂದು ಪ್ರಾಣಿ. ಇದುವರೆಗೆ ನೂರ ಎಪ್ಪತ್ತೊಂದು ರಿಜಿಸ್ಟರು ಮುಗಿದಿವೆ. ಕಂಪನಿಯ ವಾಟ್ಸಾಪ್ ಗುಂಪಿನಲ್ಲಿ ಅವರಿದ್ದಾರೆ. ಅಲ್ಲಿ ಹುಟ್ಟುಹಬ್ಬದ ಕೇಕು, ತಂಡದ ಪ್ರವಾಸದ ಫೋಟೊಗಳು ಬರುತ್ತವೆ. ಲತಾ ಹೆಬ್ಬೆರಳೆತ್ತಿದ ಚಿತ್ರ ಒತ್ತಿ ಫೋನು ಕೆಳಗಿಡುತ್ತಾರೆ. ಮಧ್ಯಾಹ್ನ ಒಬ್ಬರೇ ಊಟ. ಕೆಲವು ದಿನ ಸಂಜೆ ಸೊಪ್ಪಿನವಳ ಹತ್ತಿರ ಮಾತಾಡುವಾಗ, ಬೆಳಗಿನಿಂದ ಒಬ್ಬರೊಂದಿಗೂ ಮಾತಾಡಿಲ್ಲವೆಂಬುದು ಅವರಿಗೆ ಆಗ ಗೊತ್ತಾಗುತ್ತದಂತೆ.

"ಇಷ್ಟು ನಿಧಾನ ಯಾಕೆ ಅಂತ ಆಫೀಸಲ್ಲಿ ಕೇಳ್ತಾರೆ. ಆ ಪ್ರಾಣಿ ಒಂದ್ಸಲ ನೋವು ತಿಂದಿದೆ. ನಾನು ಎರಡನ್ನ ಮೂರು ಅಂತ ಓದಿದ್ರೆ, ಅದು ತಿಂದಿದ್ದ ನೋವೂ ದಂಡ ಆಗೋಯ್ತಲ್ಲ."

ಈ ನಿಧಾನವೇ ಎರಡು ವರ್ಷದ ಹಿಂದೆ ಅವರನ್ನು ಇಡೀ ಕಂಪನಿಯ ಎದುರು ಒಂಟಿಯಾಗಿ ನಿಲ್ಲಿಸಿತು.

ಬಿಡದಿ ಕಡೆಯ ಒಂದು ಪರೀಕ್ಷಾಲಯದ ರಿಜಿಸ್ಟರು ಅದು, ೧೯೯೮ನೇ ಇಸವಿಯದು. ಹಣ್ಣಿನ ಪರಿಮಳದ ಒಂದು ದ್ರವವನ್ನು ಗಿನಿಪಿಗ್‌ಗಳ ಚರ್ಮಕ್ಕೆ ಹಚ್ಚಿ ಅಲರ್ಜಿ ಆಗುತ್ತದೆಯೇ ಎಂದು ನೋಡಿದ್ದರು. ಮೊದಲ ಸರದಿಯಲ್ಲಿ ಎಲ್ಲಕ್ಕೂ ಸೊನ್ನೆ. ಎರಡು ತಿಂಗಳ ನಂತರದ ಸರದಿಯಲ್ಲಿ, ಅದೇ ದ್ರವಕ್ಕೆ, ಹೆಚ್ಚಿನವುಗಳ ಚರ್ಮ ಕೆಂಪೇರಿ ಊದಿಕೊಂಡಿತ್ತು. ಒಂದೇ ವಸ್ತುವಿಗೆ ಎರಡು ಉತ್ತರ.

ಯಂತ್ರಕ್ಕೆ ಪಾಠ ಕಲಿಸುವ ತಂಡದ ಮುಖ್ಯಸ್ಥ ಮಧ್ವೇಶ್, ಮೂವತ್ತೊಂದರ ತರುಣ, ಎರಡನೆಯ ಸರದಿಯನ್ನು ತೆಗೆದುಹಾಕಲು ಹೇಳಿದರು. ಇಂಥ ಗೊಂದಲದ ಸಾಲುಗಳನ್ನು ಕೈಬಿಡುವುದು ಅವರಲ್ಲಿ ರೂಢಿ. ಅದೇ ದ್ರವವನ್ನು ಪಾತ್ರೆ ತೊಳೆಯುವ ಲಿಕ್ವಿಡ್ಡಿಗೆ ಹಾಕಲು ಒಬ್ಬ ತಯಾರಕರು ಕಾದಿದ್ದರು. ಆ ಸಾಲುಗಳು ಹೋದರೆ ಯಂತ್ರ 'ಅಪಾಯವಿಲ್ಲ' ಎನ್ನುತ್ತಿತ್ತು.

ಲತಾ ತೆಗೆಯಲಿಲ್ಲ. ಅಂಚಿನಲ್ಲಿ, ಎರಡನೆಯ ಸರದಿಯ ಪ್ರತಿ ಸಾಲಿನ ಪಕ್ಕ, ಪೆನ್ಸಿಲಿನಲ್ಲಿ ಕನ್ನಡದ ಎರಡು ಅಕ್ಷರಗಳಿದ್ದವು: 'ಹ.ಬಾ.' ಮೊದಲ ಸರದಿಯಲ್ಲಿ ಅವು ಇರಲಿಲ್ಲ.

ಅವರು ಫೋನು ಮಾಡಿದರು. ಆ ಮಾತುಕತೆಯನ್ನು ಇಬ್ಬರೂ ನೆನಪಿಟ್ಟುಕೊಂಡಿದ್ದಾರೆ.

"ಸಾರ್, ಇದಕ್ಕೇನೋ ಅರ್ಥ ಇದೆ. ಸ್ವಲ್ಪ ಟೈಮ್ ಕೊಡಿ."

"ಮೇಡಂ, ಯಾರೋ ಅಟೆಂಡರ್ ಗೀಚಿರೋದು ಅದು. ಅದಕ್ಕೋಸ್ಕರ ಇಡೀ ಟೀಮ್ ಕಾಯಕ್ಕಾಗಲ್ಲ."

"ನಾನೂ ಹಂಗೇ ಗೀಚ್ತಿದ್ದೋಳು ಸಾರ್. ಸುಮ್ಮಸುಮ್ನೆ ಯಾರೂ ಗೀಚಲ್ಲ."

"ಎಷ್ಟು ದಿನ ಬೇಕು?"

"ಗೊತ್ತಿಲ್ಲ. ಆದ್ರೆ ಇದನ್ನ ನಾನು ಅಳಿಸಲ್ಲ. ಅಳಿಸಲೇಬೇಕಂದ್ರೆ ಬೇರೆಯವರ ಕೈಲಿ ಮಾಡಿಸಿ."

ಮಧ್ವೇಶ್ ಮೂರು ವಾರ ಕೊಟ್ಟರು, ಮನಸ್ಸಿಲ್ಲದ ಮನಸ್ಸಿನಿಂದ. ಆ ಮೂರು ವಾರ ಕಂಪನಿಯಿಂದ ಯಾರೂ ಲತಾ ಅವರಿಗೆ ಫೋನು ಮಾಡಲಿಲ್ಲ. "ಕೆಲಸ ಹೋಗತ್ತೆ ಅನ್ಕೊಂಡಿದ್ದೆ. ಯಾರ ಹತ್ರ ಹೇಳ್ಕೊಳ್ಳೋದು? ತಮ್ಮಂಗೆ ಹೇಳಿದ್ರೆ, 'ಬಿಡಕ್ಕ, ಬಂದು ಅಂಗಡಿ ನೋಡ್ಕೋ' ಅಂತಾನೆ. ಪ್ರೀತಿಯಿಂದ್ಲೇ ಹೇಳ್ತಾನೆ. ಆದ್ರೆ ಅವನಿಗೆ ಇದು ಅರ್ಥ ಆಗೋ ವಿಷಯ ಅಲ್ಲ."

ರಿಜಿಸ್ಟರಿನ ಕೊನೆಯ ಪುಟದಲ್ಲಿ ಪ್ರಾಣಿಮನೆಯ ಸಹಾಯಕರ ಸಹಿ ಇತ್ತು: ಬಸವಲಿಂಗಪ್ಪ. ಲತಾ ತಮ್ಮ ಹಳೆಯ ಸಹೋದ್ಯೋಗಿಗಳಿಗೆ ಒಬ್ಬೊಬ್ಬರಿಗೇ ಫೋನು ಮಾಡಿದರು. ಕೆಲವು ನಂಬರುಗಳು ಚಾಲ್ತಿಯಲ್ಲಿರಲಿಲ್ಲ. ಕೆಲವರು ಲತಾ ಎಂದರೆ ಯಾರು ಎಂದು ಕೇಳಿದರು. ಕೊನೆಗೊಬ್ಬರು, ಆ ಹೆಸರಿನವರು ಕೆಂಗೇರಿ ಉಪನಗರದ ಯಾವುದೋ ಕಲ್ಯಾಣ ಮಂಟಪದಲ್ಲಿ ವಾಚ್‌ಮನ್ ಆಗಿದ್ದಾರೆಂದು ಹೇಳಿದರು. ಯಾವ ಮಂಟಪವೆಂದು ಅವರಿಗೂ ಗೊತ್ತಿರಲಿಲ್ಲ.

ಎರಡು ಭಾನುವಾರ ಮೆಟ್ರೊ ಹತ್ತಿ ಕೆಂಗೇರಿಗೆ ಹೋಗಿ, ಒಂದೊಂದು ಮಂಟಪದ ಗೇಟಿನಲ್ಲೂ ವಿಚಾರಿಸಿದರು. ಮದುವೆಗೆ ಬಂದವರೆಂದು ಪನ್ನೀರು ಚಿಮುಕಿಸಿ ಒಳಗೆ ಕರೆದವರೂ ಉಂಟು. ಎರಡನೆಯ ಭಾನುವಾರ ಮಧ್ಯಾಹ್ನ, ಆರನೆಯ ಮಂಟಪದ ಹಿಂಬದಿಯಲ್ಲಿ, ಬಾಡಿಗೆ ಕುರ್ಚಿಗಳನ್ನು ಎಣಿಸುತ್ತಿದ್ದ ಎಪ್ಪತ್ಮೂರರ ಬಸವಲಿಂಗಪ್ಪ ಸಿಕ್ಕರು.

ಲತಾ ರಿಜಿಸ್ಟರಿನ ಪುಟದ ಫೋಟೊ ತೋರಿಸಿದರು. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಏನಾರ ತಪ್ಪಾಗೈತೇನಮ್ಮ? ಕೇಸು ಗೀಸು ಏನಾರ?"

"ಇಲ್ಲಣ್ಣ, ಏನಿಲ್ಲ. ನಾನೂ ನಿಮ್ಮ ಥರದೋಳೇ, ಪ್ರಾಣಿಮನೇಲಿ ಇದ್ದೋಳು. ಈ 'ಹ.ಬಾ.' ಅಂದ್ರೇನು ಅಂತ ಕೇಳೋಕೆ ಬಂದೆ."

"ಹಳೇ ಬಾಟ್ಲು," ಎಂದರು ಬಸವಲಿಂಗಪ್ಪ. "ಎರಡ್ನೇ ಸಲಕ್ಕೆ ಹೊಸ ಮಾಲು ಬರ್ಲಿಲ್ಲ. ಮೊದ್ಲು ಸೀಲು ಒಡೆದಿದ್ದ ಬಾಟ್ಲು ಕಪಾಟಲ್ಲಿ ಅರ್ಧ ಇತ್ತು, ಅದನ್ನೇ ಹಚ್ಚು ಅಂದ್ರು. ಹಚ್ದೆ. ಪ್ರಾಣಿ ಮೈಯೆಲ್ಲ ಕೆಂಪಗಾಗೋಯ್ತು. ನೀನೇ ಏನೋ ಹೆಚ್ಚುಕಮ್ಮಿ ಮಾಡಿದೀಯ ಅಂತ ನಂಗೇ ಬೈದ್ರು. ನಾನು ಇಂಗ್ಲಿಷಲ್ಲಿ ಬರೆಯೋನಲ್ಲ. ಅದಕ್ಕೇ ಪೆನ್ಸಿಲಲ್ಲಿ ಹಂಗೆ ಗುರುತು ಹಾಕಿಟ್ಟೆ. ಯಾರೂ ಕೇಳ್ಲಿಲ್ಲ."

ಕೆಲವು ಪರಿಮಳದ್ರವ್ಯಗಳು ಗಾಳಿ ತಾಗುತ್ತಾ ಬಂದಂತೆ ಬದಲಾಗಿ, ಅಲರ್ಜಿ ಮಾಡುವ ಬೇರೆ ವಸ್ತುಗಳಾಗುತ್ತವೆ ಎಂಬುದು ರಸಾಯನಶಾಸ್ತ್ರಕ್ಕೆ ಗೊತ್ತಿರುವ ಸಂಗತಿಯೇ. ಆದರೆ ಅಂಥವುಗಳ ಬಗ್ಗೆ ಕಂಪನಿ ಇಟ್ಟಿದ್ದ ಪಟ್ಟಿಯಲ್ಲಿ ಈ ದ್ರವ ಇರಲಿಲ್ಲ. ಯಂತ್ರ ನೋಡುತ್ತಿದ್ದದ್ದು ಹೊಸ ಬಾಟಲಿಯಲ್ಲಿರುವ ರಚನೆಯನ್ನು. ಮನೆಯ ಸಿಂಕಿನ ಪಕ್ಕದಲ್ಲಿರುವ ಬಾಟಲಿ ಎಷ್ಟು ತಿಂಗಳು ತೆರೆದುಕೊಂಡಿರುತ್ತದೆ ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ.

ಲತಾ ಇದನ್ನೆಲ್ಲ ಒಂದು ಪುಟದಲ್ಲಿ ಬರೆದು ಕಳಿಸಿದರು. ಮಧ್ವೇಶ್ ಆ ದ್ರವದ ಎರಡು ಮಾದರಿಗಳನ್ನು, ಹೊಸದೊಂದು, ತೆರೆದಿಟ್ಟು ಹಳೆಯದಾದದ್ದೊಂದು, ಪ್ರಾಣಿಯ ಗೊಡವೆಯಿಲ್ಲದೆ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಚರ್ಮದ ಜೀವಕೋಶಗಳ ಮೇಲೆ ಪರೀಕ್ಷೆಗೆ ಕಳಿಸಿದರು. ಹೊಸದು ಸುಮ್ಮನಿತ್ತು. ಹಳೆಯದು ಅಲರ್ಜಿಯ ಗುರುತು ತೋರಿಸಿತು. ತಯಾರಕರು ಆ ದ್ರವವನ್ನು ಕೈಬಿಟ್ಟರು.

"ನಾನು ಅವತ್ತು ಆ ಸಾಲುಗಳನ್ನ ತೆಗೆದಿದ್ರೆ, ಅದು ಎಷ್ಟು ಮನೆಗೆ ಹೋಗ್ತಿತ್ತೋ," ಎನ್ನುತ್ತಾರೆ ಮಧ್ವೇಶ್. "ಮೇಡಂ ಹತ್ರ ಆಮೇಲೆ ಸಾರಿ ಕೇಳಿದೆ. ಅವರು 'ಪರವಾಗಿಲ್ಲ ಸಾರ್, ಒಂದು ಕಾಲಮ್ ಹಾಕಿಕೊಡಿ' ಅಂದ್ರು." ಈಗ ಯಂತ್ರಕ್ಕೆ ಕೊಡುವ ಮಾಹಿತಿಯಲ್ಲಿ, ಬಾಟಲಿ ತೆರೆದು ಎಷ್ಟು ದಿನವಾಗಿತ್ತು ಎಂಬ ಹೊಸ ಕಾಲಮ್ ಇದೆ. ಕಂಪನಿಯ ವರದಿಯಲ್ಲಿ ಲತಾ ಅವರ ಹೆಸರಿಲ್ಲ. ಹೊರಗಿನಿಂದ ಕೆಲಸ ಮಾಡಿಕೊಡುವವರ ಹೆಸರು ಹಾಕುವ ಪದ್ಧತಿ ಅಲ್ಲಿಲ್ಲ.

ಫಲಿತಾಂಶ ಬಂದ ದಿನ ಅವರು ಬಸವಲಿಂಗಪ್ಪನವರಿಗೆ ಫೋನು ಮಾಡಿದ್ದರು. ಆ ಕಡೆ ಯಾವುದೋ ಮದುವೆಯ ಓಲಗ ಜೋರಾಗಿತ್ತು. ಎರಡು ಸಲ ಹೇಳಬೇಕಾಯಿತು.

"ಹಂಗಾರೆ ನನ್ ಕೈತಪ್ಪಲ್ಲ?"

"ಅಲ್ಲಣ್ಣ. ನೀವು ಬರೆದಿದ್ದೇ ಸರಿ."

"ಇಪ್ಪತ್ತೈದು ವರ್ಸ ಆದ್ಮೇಲಾದ್ರೂ ಒಬ್ರು ಹೇಳಿದ್ರಲ್ಲ ತಾಯಿ," ಎಂದು ಅವರು ಫೋನು ಇಟ್ಟರು.

ಇದನ್ನು ಹೇಳಿ ಲತಾ ಎದ್ದು ಒಳಗೆ ಹೋಗುತ್ತಾರೆ. ಕಾಫಿ ತರುವಾಗ ಲೋಟ ಎರಡಿದ್ದರೂ ಒಂದು ತೊಳೆದು ಬಹಳ ದಿನವಾದಂತಿದೆ. ಸೆರಗಿನಿಂದ ಒರೆಸಿ ಕೊಡುತ್ತಾರೆ. ನಾನು ಬಂದು ಮೂರು ಗಂಟೆಯಾಗಿದೆ. ಈ ಅವಧಿಯಲ್ಲಿ ಅವರ ಫೋನು ಒಮ್ಮೆಯೂ ರಿಂಗಾಗಿಲ್ಲ.

ಉಳಿದಿರುವ ನಲವತ್ತೊಂದು ರಿಜಿಸ್ಟರು ಮುಗಿಸಲು ಇನ್ನೂ ಎರಡು ವರ್ಷ ಬೇಕು. ಕಣ್ಣಿಗೆ ಪೊರೆ ಬರುತ್ತಿದೆ ಎಂದು ಡಾಕ್ಟರು ಹೇಳಿದ್ದಾರೆ. ಎಡಗಣ್ಣಿನ ಶಸ್ತ್ರಚಿಕಿತ್ಸೆ ದೀಪಾವಳಿ ಕಳೆದ ಮೇಲೆ. ಜೊತೆಗೆ ಯಾರು ಬರುತ್ತಾರೆ ಎಂದರೆ, "ಆಟೋ ಇದೆಯಲ್ಲ," ಎಂದು ನಗುತ್ತಾರೆ. ಸ್ಕ್ಯಾನ್ ಮಾಡಿ ಯಂತ್ರದಿಂದಲೇ ಓದಿಸುವ ಮಾತೂ ಕಂಪನಿಯಲ್ಲಿ ನಡೆದಿದೆ. ಲತಾ ಅದಕ್ಕೆ ಬೇಸರಪಟ್ಟಿಲ್ಲ. ಓದಲಿ, ಆದರೆ ಅಂಚನ್ನೂ ಓದಲಿ ಎನ್ನುತ್ತಾರೆ.

ಕಂಪನಿಯವರ ಹತ್ತಿರ ನಿಮಗಾಗಿ ಏನಾದರೂ ಕೇಳುವುದಾದರೆ ಏನು ಕೇಳುತ್ತೀರಿ ಎಂದೆ. ಹೆಸರು ಹಾಕಿ ಎನ್ನುತ್ತಾರೇನೋ ಎಂದುಕೊಂಡಿದ್ದೆ. ಅವರು ಭೂತಗನ್ನಡಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟರು.

"ಇನ್ನೊಂದು ಕುರ್ಚಿ ಹಾಕೋ ಅಷ್ಟು ಜಾಗ ಇದೆ ಇಲ್ಲಿ. ಯಾರಾದ್ರೂ ಒಬ್ರನ್ನ ಕಳಿಸಿ ಅಂತ ಕೇಳ್ತೀನಿ. ಬೇಗ ಓದೋರು ಬೇಡ. ಕಲಿಸಿಕೊಡ್ತೀನಿ, ನಿಧಾನಕ್ಕೆ. ಏನೂ ಇಲ್ಲ ಸಾರ್, ಒಂದು ಅಕ್ಷರ ಗೊತ್ತಾಗ್ಲಿಲ್ಲ ಅಂದ್ರೆ, 'ಇದೇನು ಬರ್ದವ್ರೆ, ಸ್ವಲ್ಪ ನೋಡಮ್ಮಾ' ಅಂತ ಕೇಳೋಕೆ ಪಕ್ಕದಲ್ಲಿ ಒಬ್ರು ಇದ್ರೆ ಸಾಕು."